ಚಿನ್ನ ಅಸಲಿ, ನಾಣ್ಯ ನಕಲಿ: 1855ರ ಕೆಲಾಗ್ 50 ಡಾಲರ್ ನಾಣ್ಯದ ಒಂದು ಪ್ರಕರಣ

ಈ ಕೇಸನ್ನ ಪೂರ್ತಿ ಬರೆಯೋಣ ಅನ್ನಿಸಿದ್ದಕ್ಕೆ ಕಾರಣ ಇದೆ. ನಕಲಿ ಚಿನ್ನದ ನಾಣ್ಯ ಅಂದ ತಕ್ಷಣ ನಮ್ಮ ಜನಕ್ಕೆ ತಲೆಗೆ ಬರೋದು ಹಿತ್ತಾಳೆಗೆ ಗಿಲೀಟು ಹಾಕಿರೋದು, ಬೆಳ್ಳಿ ಮೇಲೆ ಚಿನ್ನದ ನೀರು ಕುಡಿಸಿರೋದು, ಇಂಥವೇ. ಇಲ್ಲಿ ಹಾಗಿರ್ಲಿಲ್ಲ. ಆ ನಾಣ್ಯದಲ್ಲಿದ್ದ ಚಿನ್ನ ಅಪ್ಪಟ ಚಿನ್ನವೇ, ಯಾವ ಅಕ್ಕಸಾಲಿ ಹತ್ರ ತಗೊಂಡೋದ್ರೂ ಒರೆಗೆ ಹಚ್ಚಿ ಸರಿ ಇದೆ ಅಂತಲೇ ಹೇಳ್ತಿದ್ದ, ಹೇಳಿಯೂ ಹೇಳ್ದ. ಆದ್ರೂ ಅದು ನಕಲಿ. ಆ ನಾಣ್ಯದ ಮೇಲೆ ಕೊರೆದಿದ್ದ ಎರಡು ಸಂಖ್ಯೆಗಳೇ ಕೊನೆಗೆ ಅದನ್ನ ಹಿಡಿದುಕೊಟ್ಟಿದ್ದು.

ಮೊದಲು ಹಿನ್ನೆಲೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಪಯೋನಿಯರ್ ಗೋಲ್ಡ್ ಅನ್ನೋದು ನಮ್ಮಲ್ಲಿ ವರಾಹ, ಹೊನ್ನು, ಪಣ ಸಂಗ್ರಹಿಸೋರಿಗೂ ಅಷ್ಟು ಪರಿಚಯ ಇಲ್ಲ. ಅಮೆರಿಕದಲ್ಲಿ ಸರ್ಕಾರಿ ಟಂಕಸಾಲೆ ದೂರ ಇದ್ದು ಚಿನ್ನ ಮಾತ್ರ ಹತ್ರದಲ್ಲೇ ಸಿಗ್ತಿದ್ದ ಜಾಗಗಳಲ್ಲಿ ಖಾಸಗಿಯವರು ಹೊಡೆದ ಚಿನ್ನದ ನಾಣ್ಯಗಳಿವು. ಸಂವಿಧಾನ ನಾಣ್ಯ ಹೊಡೀಬಾರದು ಅಂದಿದ್ದು ರಾಜ್ಯಗಳಿಗೆ, ವ್ಯಕ್ತಿಗಳಿಗೆ ಏನೂ ಹೇಳಿರ್ಲಿಲ್ಲ, 1864ರಲ್ಲಿ ಕಾನೂನು ಬರೋ ತನಕ ಈ ಸಂದಿಯಲ್ಲೇ ವ್ಯವಹಾರ ನಡೀತು. 1830ರಲ್ಲಿ ಜಾರ್ಜಿಯಾದ ಟೆಂಪಲ್ಟನ್ ರೀಡ್, ಅವನ ಬೆನ್ನಿಗೇ ನಾರ್ತ್ ಕೆರೊಲಿನಾದಲ್ಲಿ ಜರ್ಮನಿಯಿಂದ ಬಂದ ಬೆಕ್ಟ್ಲರ್ ಮನೆತನ, 1849ರಲ್ಲಿ ಆರೆಗನ್‌ನವರ ಬೀವರ್ ಚಿತ್ರದ ನಾಣ್ಯ, ಸಾಲ್ಟ್ ಲೇಕ್ ಸಿಟಿಯಲ್ಲಿ ಮಾರ್ಮನ್ನರದ್ದು, 1860ರಲ್ಲಿ ಡೆನ್ವರ್‌ನ ಕ್ಲಾರ್ಕ್ ಗ್ರೂಬರ್ ಕಂಪನಿ ಹೊಡೆದ ಪೈಕ್ಸ್ ಪೀಕ್ ಬೆಟ್ಟದ ನಾಣ್ಯ, ಅದ್ರಲ್ಲಿ ಬೆಟ್ಟ ಒಳ್ಳೆ ಸ್ಕೂಲ್ ಹುಡುಗ ಬರೆದ ತ್ರಿಕೋನದ ಥರ ಇದೆ. ಇವೆಲ್ಲದರ ನಡುವೆ ದೊಡ್ಡ ಕಥೆ ಕ್ಯಾಲಿಫೋರ್ನಿಯಾದ್ದು. 1848ರ ಜನವರಿ 24ಕ್ಕೆ ಕೊಲೋಮಾದಲ್ಲಿ ಚಿನ್ನ ಕಂಡ ಮೇಲೆ ಅಲ್ಲಿ ಚಿನ್ನದ ಪುಡಿ ಎಲ್ಲರ ಜೇಬಲ್ಲಿ, ಚಿಲ್ಲರೆ ಯಾರ ಹತ್ರಾನೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸರ್ಕಾರಿ ಟಂಕಸಾಲೆ ತೆರೆದಿದ್ದು 1854ಕ್ಕೆ. ಅಲ್ಲೀವರೆಗೂ ಮೊಫಟ್, ಬಾಲ್ಡ್‌ವಿನ್, ಡುಬಾಸ್ಕ್, ವಾಸ್ ಮೊಲಿಟರ್ ಅಂತ ಕಂಪನಿಗಳು ನಾಣ್ಯ ಹೊಡೆದವು, 1851ರಿಂದ ನ್ಯೂಯಾರ್ಕ್‌ನ ಗಡಿಯಾರದ ಕೇಸ್ ಮಾಡ್ತಿದ್ದ ಆಗಸ್ಟಸ್ ಹಂಬರ್ಟ್ ಸರ್ಕಾರದ ಅಸೇಯರ್ (ಚಿನ್ನದ ಶುದ್ಧತೆ ಪರೀಕ್ಷಿಸೋ ಅಧಿಕಾರಿ) ಆಗಿ ಬಂದು ಎಂಟು ಮೂಲೆಯ 50 ಡಾಲರ್ ನಾಣ್ಯ ತಂದ, ಜನ ಅದಕ್ಕೆ ಸ್ಲಗ್ ಅಂತ ಕರೆದ್ರು.

ಇದ್ರಲ್ಲಿ ಎಲ್ಲರೂ ಸಾಚಾ ಅಲ್ಲ. ಮಾರ್ಮನ್ನರ ಹತ್ತು ಡಾಲರ್ ನಾಣ್ಯದಲ್ಲಿ ಒಂಬತ್ತು ಡಾಲರಿನ ಚಿನ್ನವೂ ಇರ್ತಿರ್ಲಿಲ್ಲ. 1851ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಕರ್ ಜೇಮ್ಸ್ ಕಿಂಗ್ ಆಫ್ ವಿಲಿಯಂ (ಹೌದು, ಹೆಸರೇ ಹಾಗೆ, ಊರಲ್ಲಿ ಜೇಮ್ಸ್ ಕಿಂಗ್‌ಗಳು ಜಾಸ್ತಿ ಇದ್ರು ಅಂತ ಅಪ್ಪನ ಹೆಸರು ಸೇರಿಸ್ಕೊಂಡಿದ್ದ) ಬೇರೆ ಬೇರೆ ಕಂಪನಿಯ ನಾಣ್ಯಗಳನ್ನ ಹಂಬರ್ಟ್ ಹತ್ರ ಕಳಿಸಿ ಪರೀಕ್ಷೆ ಮಾಡಿಸ್ದ, ಬಾಲ್ಡ್‌ವಿನ್ ನಾಣ್ಯದಲ್ಲಿ ಚಿನ್ನ ಕಮ್ಮಿ ಅಂತ ಗೊತ್ತಾಯ್ತು, ಪತ್ರಿಕೆಗೆ ಬಂತು, ಅಂಗಡಿಯವರು ಮುಟ್ಟೋದು ಬಿಟ್ರು, ಬಾಲ್ಡ್‌ವಿನ್ ಹಡಗು ಹತ್ತಿ ಹೊರಟುಹೋದ. ಜನ ಆ ನಾಣ್ಯಗಳನ್ನ ಕಮ್ಮಿ ಬೆಲೆಗೆ ಕೊಟ್ಟು ಕೈ ತೊಳ್ಕೊಂಡ್ರು, ಅವು ಕುಲುಮೆಗೆ ಹೋದವು, ಇವತ್ತು ಉಳಿದಿರೋವು ಅದಕ್ಕೇ ಅಪರೂಪ. ಈ ಕಹಿ ಅನುಭವ ಆದ ಊರಲ್ಲಿ ಮುಂದೆ ಹೊಡೆದ ದೊಡ್ಡ ನಾಣ್ಯದ ಮೇಲೆ ತೂಕ ಎಷ್ಟು, ಸಾವಿರಕ್ಕೆ ಎಷ್ಟು ಪಾಲು ಚಿನ್ನ ಅಂತ ಬರೆದು ಹೊಡೆದರೆ ಆಶ್ಚರ್ಯ ಇಲ್ಲ. ಅದು ಗಿರಾಕಿಗೆ ಕೊಟ್ಟ ಮಾತು, ಬೇಕಾದ್ರೆ ತೂಗಿ ನೋಡ್ಕೋ ಅನ್ನೋ ಮಾತು. ಇದನ್ನ ನೆನಪಿಟ್ಕೊಳ್ಳಿ.

ನಾಣ್ಯ ಬಂದ ದಾರಿ

ನಮ್ಮ ಭಾವ ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿರೋದು, ಕೊಲೋಮಾದಿಂದ ಬಹಳ ದೂರ ಏನಲ್ಲ, ಹಾಗಾಗಿ ಆ ಕಡೆ ಗೋಲ್ಡ್ ರಷ್ ಅಂದ್ರೆ ಊರಿನ ಗಾಳೀಲೇ ಇರುತ್ತೆ, ಹಳೇ ಸಾಮಾನು ಅಂಗಡಿ, ಎಸ್ಟೇಟ್ ಸೇಲ್, ಎಲ್ಲಿ ನೋಡಿದ್ರೂ 1849ರ ಕಥೆ. ಭಾವನ ತಾತ ಊರಲ್ಲಿ ಚಿನಿವಾರಿಕೆ ಮಾಡ್ತಿದ್ದವರು, ಹಾಗಾಗಿ ಚಿನ್ನದ ವಿಷಯದಲ್ಲಿ ನನಗೆ ಯಾರೂ ಮೋಸ ಮಾಡಕ್ಕಾಗಲ್ಲ ಅನ್ನೋ ಒಂದು ಧೈರ್ಯ ಅವರಿಗೆ. ಒಬ್ಬ ಹಳೇ ಸಾಮಾನಿನ ವ್ಯಾಪಾರಿ ಅವರಿಗೆ ಒಂದು ದೊಡ್ಡ ದುಂಡನೆ ಚಿನ್ನದ ನಾಣ್ಯ ತೋರಿಸಿದ್ದ. ಮುಂದೆ ಕಿರೀಟ ತೊಟ್ಟ ಲಿಬರ್ಟಿ ತಲೆ, ಕಿರೀಟದ ಮೇಲೆ ಕೆಲಾಗ್ ಅಂಡ್ ಕೋ ಅಂತ (ಇದೂ ಸ್ಯಾನ್ ಫ್ರಾನ್ಸಿಸ್ಕೋದ ಆ ಕಾಲದ ಒಂದು ಖಾಸಗಿ ಕಂಪನಿ), ಸುತ್ತ ನಕ್ಷತ್ರ, ಕೆಳಗೆ 1855. ಹಿಂದೆ ಹದ್ದು, ಸ್ಯಾನ್ ಫ್ರಾನ್ಸಿಸ್ಕೋ ಕ್ಯಾಲಿಫೋರ್ನಿಯಾ, ಫಿಫ್ಟಿ ಡಾಲ್ಸ್. ಕೇಳಿದ ಬೆಲೆ 40 ಸಾವಿರ ಡಾಲರ್.

ಫೋನ್ ಮಾಡಿದ್ರು ಭಾವ. "ಲೋ, ಇದೇ ನಾಣ್ಯ ಹರಾಜಲ್ಲಿ ಲಕ್ಷಗಟ್ಟಲೆ ಡಾಲರ್‌ಗೆ ಹೋಗಿದೆ ಕಣೋ, ನಾನು ನೋಡ್ದೆ. ಇವನಿಗೆ ಇದರ ಬೆಲೆ ಗೊತ್ತಿಲ್ಲ."

"ಭಾವ, ಗೊತ್ತಿಲ್ದೋನು 40 ಸಾವಿರ ಯಾಕೆ ಹೇಳ್ತಾನೆ? ಗೊತ್ತಿಲ್ದಿದ್ರೆ ಕರಗಿಸೋ ರೇಟು ಹೇಳ್ತಿದ್ದ. ಗೊತ್ತಿದ್ರೆ ಲಕ್ಷಗಟ್ಟಲೆ ಹೇಳ್ತಿದ್ದ. ಮಧ್ಯದಲ್ಲಿ ಯಾಕೆ ನಿಂತ?"

ನನ್ನ ಪ್ರಕಾರ ಈ ಮಧ್ಯದ ಬೆಲೆಯೇ ಇಂಥ ವ್ಯವಹಾರಗಳಲ್ಲಿ ಮೊದಲ ಸುಳಿವು. ತೀರಾ ಕಮ್ಮಿ ಹೇಳಿದ್ರೆ ಗಿರಾಕಿಗೆ ಅನುಮಾನ ಬರುತ್ತೆ, ತೀರಾ ಜಾಸ್ತಿ ಹೇಳಿದ್ರೆ ಗಿರಾಕಿ ತಜ್ಞರ ಹತ್ರ ಓಡ್ತಾನೆ. ತಾನೇ ಬುದ್ಧಿವಂತ, ಮಾರೋನೇ ಪೆದ್ದ ಅಂತ ಗಿರಾಕಿಗೆ ಅನ್ನಿಸೋ ಹಾಗೆ ಬೆಲೆ ಇಡೋದು ಒಂದು ಕಲೆ.

ಕಥೆಯೂ ಜೊತೇಲಿತ್ತು. ಮಾರೋನ ಪ್ರಕಾರ ಯಾರದೋ ಮುತ್ತಾತ ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಕೊಂದರಲ್ಲಿ ಗುಮಾಸ್ತ, 1906ರ ಭೂಕಂಪದ ಬೆಂಕಿಯಲ್ಲಿ ಇದನ್ನ ಉಳಿಸ್ಕೊಂಡ, 1933ರಲ್ಲಿ ಸರ್ಕಾರ ಜನರ ಹತ್ರ ಚಿನ್ನ ವಾಪಸ್ ತಗೊಂಡಾಗ ಹೆದರಿ ಬಚ್ಚಿಟ್ಟ, ಅದಕ್ಕೇ ಇದರ ಬಗ್ಗೆ ಎಲ್ಲೂ ದಾಖಲೆ ಇಲ್ಲ. ಭೂಕಂಪ ನಿಜ, 1933ರ ಆದೇಶ ನಿಜ. ಆದ್ರೆ ಆ ಆದೇಶದಲ್ಲೇ ಸಂಗ್ರಾಹಕರ ಅಪರೂಪದ ನಾಣ್ಯಗಳಿಗೆ ವಿನಾಯ್ತಿ ಇತ್ತು, ಆಗ್ಲೇ ಎಪ್ಪತ್ತೆಂಟು ವರ್ಷ ಹಳೇದಾಗಿದ್ದ ಖಾಸಗಿ ನಾಣ್ಯಕ್ಕೆ ಹೆದರೋ ಕಾರಣ ಅಷ್ಟಾಗಿ ಇರ್ಲಿಲ್ಲ. ಪಾಪ, ಗುಮಾಸ್ತನಿಗೆ ಅದು ಗೊತ್ತಿಲ್ದೇ ಇದ್ದಿರಬಹುದು ಅಂತ ಭಾವ ವಾದ ಮಾಡಿದ್ರು. ಇರಬಹುದು. ಕಥೆಯಿಂದ ನಾಣ್ಯ ಅಸಲಿಯೂ ಆಗಲ್ಲ ನಕಲಿಯೂ ಆಗಲ್ಲ, ಅದನ್ನ ಪಕ್ಕಕ್ಕಿಟ್ಟೆ.

ಮಾರೋನಿಗೆ ಅಡ್ವಾನ್ಸ್ ಕೊಟ್ಟು ರಶೀದಿ ತಗೊಂಡು ಪರೀಕ್ಷೆಗೆ ಅಂತ ನಾಣ್ಯ ತಂದ್ರು ಭಾವ. ನನ್ನ ಹತ್ರ ಬರೋ ಮೊದಲೇ ಪರಿಚಯದ ಆಭರಣದ ಅಂಗಡಿಯಲ್ಲಿ ತೋರಿಸಿಯೂ ಆಗಿತ್ತು. ಅಲ್ಲಿ ಎಕ್ಸ್‌ಆರ್‌ಎಫ್ ಮೆಷಿನ್‌ನಲ್ಲಿಟ್ಟು (ಎಕ್ಸ್-ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳೋ ಯಂತ್ರ) ನೋಡಿದ್ರಂತೆ, ಚಿನ್ನ ನೂರಕ್ಕೆ ಹತ್ತಿರ ಹತ್ತಿರ 90, ಉಳಿದಿದ್ದು ಬಹುಪಾಲು ತಾಮ್ರ, ಬೆಳ್ಳಿ ನಾಮಕಾವಸ್ತೆ. ಅಂಗಡಿಯವರು ಒರೆಗೂ ಹಚ್ಚಿ, "ಚಿನ್ನ ಚೆನ್ನಾಗಿದೆ ಸರ್, ಇಪ್ಪತ್ತೊಂದೂವರೆ ಕ್ಯಾರೆಟ್ ಮೇಲೇ ಇದೆ, ಯೋಚನೆ ಮಾಡ್ಬೇಡಿ" ಅಂದ್ರು. ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಅಕ್ಕಸಾಲಿಗೆ ಬೇಕಿರೋ ಪ್ರಶ್ನೆ ಎಷ್ಟು ಚಿನ್ನ ಅನ್ನೋದು, ಆ ಪ್ರಶ್ನೆಗೆ ಉತ್ತರ ಸಿಕ್ತು. ನಾಣ್ಯಕ್ಕೆ ಬೇಕಿರೋ ಪ್ರಶ್ನೆ ಯಾವ ಚಿನ್ನ ಅನ್ನೋದು. ಆದ್ರೆ ಆ ಮೆಷಿನ್‌ನ ಚೀಟಿಯಲ್ಲೇ ಅರ್ಧ ಉತ್ತರ ಇತ್ತು, ಭಾವ ಅದನ್ನ ಮಡಿಸಿ ಪರ್ಸಲ್ಲಿ ಇಟ್ಕೊಂಡು ಖುಷಿಯಲ್ಲಿ ಬಂದಿದ್ರು.

ಸುರುಳಿಯ ಮೇಲಿನ ಬರಹ

ಈ ನಾಣ್ಯದ ಹಿಂಬದಿಯಲ್ಲಿ ಹದ್ದಿನ ಜೊತೆ ಒಂದು ಸುರುಳಿಪಟ್ಟಿ ಇದೆ, ಅದರ ಮೇಲೆ 1309 ಗ್ರೇನ್, 887 ಥೌಸ್ ಅಂತ ಸಣ್ಣಕ್ಷರದಲ್ಲಿದೆ. ಅಂದ್ರೆ ತೂಕ 1309 ಗ್ರೇನ್ (ಹಳೇ ಇಂಗ್ಲಿಷ್ ತೂಕದ ಅಳತೆ), ಸಾವಿರಕ್ಕೆ 887 ಪಾಲು ಚಿನ್ನ. ಆಗಿನ ಸರ್ಕಾರಿ ಲೆಕ್ಕದಲ್ಲಿ ಒಂದು ಡಾಲರ್ ಅಂದ್ರೆ 23.22 ಗ್ರೇನ್ ಶುದ್ಧ ಚಿನ್ನ, ಐವತ್ತು ಡಾಲರ್ ಅಂದ್ರೆ 1161. ಈಗ 1309ನ್ನ 0.887ರಿಂದ ಗುಣಿಸಿ ನೋಡಿ, 1161ಕ್ಕೆ ಬಂದು ನಿಲ್ಲುತ್ತೆ, ಒಂದು ಗ್ರೇನ್ ಆಚೀಚೆ ಇಲ್ಲ. ಕೆಲಾಗ್ ಕಂಪನಿ ಎಷ್ಟು ನಾಜೂಕಾಗಿ ಲೆಕ್ಕ ಹಾಕಿತ್ತು ಅನ್ನೋದು ಇಲ್ಲೇ ಗೊತ್ತಾಗುತ್ತೆ. ಜಾನ್ ಕೆಲಾಗ್ ಮೊದಲು ಮೊಫಟ್ ಕಂಪನಿಯಲ್ಲಿದ್ದವನು, 1853ರ ಕೊನೆಗೆ ಸರ್ಕಾರಿ ಅಸೇ ಆಫೀಸ್ ಮುಚ್ಚಿ ಟಂಕಸಾಲೆ ಇನ್ನೂ ಶುರುವಾಗದೇ ಇದ್ದಾಗ ವ್ಯಾಪಾರಿಗಳ ಒತ್ತಾಯಕ್ಕೆ 20 ಡಾಲರ್ ನಾಣ್ಯ ಹೊಡೆಯೋಕೆ ಶುರು ಮಾಡಿದ, ಅವನ ನಾಣ್ಯದ ಬಗ್ಗೆ ಊರಲ್ಲಿ ಯಾರೂ ಎರಡು ಮಾತಾಡ್ಲಿಲ್ಲ. 50 ಡಾಲರಿನದ್ದು ಮಾತ್ರ ಪ್ರೂಫ್ (ಕನ್ನಡಿ ಹೊಳಪು ಬರೋ ಹಾಗೆ ವಿಶೇಷವಾಗಿ ಹೊಡೆಯೋ ನಾಣ್ಯ) ಆಗಿ ಹೊಡೆದ ಬೆರಳೆಣಿಕೆಯಷ್ಟು, ಇವತ್ತು ಲೋಕಕ್ಕೆ ಗೊತ್ತಿರೋವು ಒಂದು ಡಜನ್‌ಗಿಂತ ತುಸು ಹೆಚ್ಚು ಅಷ್ಟೇ.

1309 ಗ್ರೇನ್ ಅಂದ್ರೆ ಈಗಿನ ಲೆಕ್ಕದಲ್ಲಿ 84.82 ಗ್ರಾಂ. ಅಂಗಡಿಯಲ್ಲಿ ಭಾವ ತೂಗಿಸಿದ್ರು, ಆದ್ರೆ 83 ಚಿಲ್ಲರೆ ಅಂತ ಮಾತ್ರ ನೆನಪಿತ್ತು. ನನ್ನ ತಕ್ಕಡಿ ಗ್ರಾಂನ ನೂರನೇ ಒಂದು ಭಾಗ ತೋರಿಸುತ್ತೆ, ಮೊದಲು ಸ್ಟ್ಯಾಂಡರ್ಡ್ ತೂಕದ ಕಲ್ಲಿಟ್ಟು ತಕ್ಕಡಿ ಸರಿ ಇದೆಯಾ ನೋಡ್ಕೊಂಡು ಆಮೇಲೆ ನಾಣ್ಯ ಇಟ್ಟೆ. 83.56.

"ಒಂದೂಕಾಲು ಗ್ರಾಂ ತಾನೆ ಕಮ್ಮಿ," ಅಂದ್ರು ಭಾವ. "ನೂರಾ ಎಪ್ಪತ್ತು ವರ್ಷ ಆಗಿದೆ, ಸವೆದಿರುತ್ತೆ."

ಸವೆದ ನಾಣ್ಯ ತೂಕ ಕಳ್ಕೊಳ್ಳುತ್ತೆ, ನಿಜ. ಆದ್ರೆ ಸವೆತ ಆದ್ರೆ ಕಾಣುತ್ತೆ, ಲಿಬರ್ಟಿಯ ಕೂದಲು, ಹದ್ದಿನ ಎದೆ, ಅಂಚು, ಎತ್ತರದಲ್ಲಿರೋವೆಲ್ಲ ಮೊದಲು ನುಣುಪಾಗ್ತವೆ. ಇದರಲ್ಲಿ ಕೂದಲಿನ ಎಳೆ ಎಳೆ ಇದೆ, ಮೇಲ್ಭಾಗ ಸವೆದೇ ಇಲ್ಲ. ಹಾಗಿದ್ರೆ ಆ ಒಂದೂಕಾಲು ಗ್ರಾಂ ಎಲ್ಲಿ ಹೋಯ್ತು?

83.56 ಗ್ರಾಂನ ಮತ್ತೆ ಗ್ರೇನ್‌ಗೆ ತಿರುಗಿಸಿದೆ. 1290ಕ್ಕೆ ಅರ್ಧ ಗ್ರೇನ್ ಕಮ್ಮಿ. ಇಲ್ಲಿ ನನಗೆ ಒಂದು ಕ್ಷಣ ನಗು ಬಂತು, ಯಾಕಂದ್ರೆ 1290 ಅನ್ನೋದು ಸುಮ್ನೆ ಬಂದ ಸಂಖ್ಯೆ ಅಲ್ಲ. ಅಮೆರಿಕದ ಸರ್ಕಾರಿ ಚಿನ್ನದ ನಾಣ್ಯದ ತೂಕ ಡಾಲರ್‌ಗೆ 25.8 ಗ್ರೇನ್, ಶುದ್ಧತೆ ಸಾವಿರಕ್ಕೆ 900, ಉಳಿದ ನೂರು ಪಾಲು ಮುಖ್ಯವಾಗಿ ತಾಮ್ರ. ಐವತ್ತು ಡಾಲರ್‌ಗೆ ಕರೆಕ್ಟಾಗಿ 1290 ಗ್ರೇನ್. ಅಂದ್ರೆ ಎರಡೂವರೆ ಡಬಲ್ ಈಗಲ್‌ನ (ಸರ್ಕಾರದ 20 ಡಾಲರ್ ಚಿನ್ನದ ನಾಣ್ಯ) ತೂಕ. ಇದನ್ನ ಮಾಡ್ದೋನು ಲೆಕ್ಕ ಹಾಕಿದ್ದಾನೆ ಕಣ್ರೀ, ಸುಮ್ನೆ ಕೈಗೆ ಬಂದಷ್ಟು ಚಿನ್ನ ಹಾಕಿಲ್ಲ, ಐವತ್ತು ಡಾಲರ್ ನಾಣ್ಯ ಅಂದ್ರೆ ಐವತ್ತು ಡಾಲರಿನ ಚಿನ್ನ ಇರ್ಬೇಕು ಅಂತ ಪ್ರಾಮಾಣಿಕವಾಗಿ ಅಷ್ಟೂ ಚಿನ್ನ ಹಾಕಿದ್ದಾನೆ, ಆದ್ರೆ ಸರ್ಕಾರಿ ನಾಣ್ಯದ ಲೆಕ್ಕದಲ್ಲಿ ಹಾಕಿದ್ದಾನೆ. ಶುದ್ಧ ಚಿನ್ನ ನೋಡಿದ್ರೆ 1290ಕ್ಕೆ 0.9, ಅದೂ 1161ನೇ! ಚಿನ್ನದಲ್ಲಿ ಒಂದು ಗುಲಗಂಜಿಯಷ್ಟೂ ಮೋಸ ಇಲ್ಲ. ಆದ್ರೆ ತಾನೇ ಅಚ್ಚಿನಲ್ಲಿ ಕೊರೆದ 1309, 887 ಅನ್ನೋದನ್ನ ಅವನು ಓದಿಲ್ಲ, ಅಥವಾ ಓದಿದ್ರೂ ಅದು ಚಿತ್ರದ ಭಾಗ ಅಂದ್ಕೊಂಡ. ಹಳೇ ಡಬಲ್ ಈಗಲ್‌ಗಳನ್ನೇ ಕರಗಿಸಿ ಮಾಡಿದ್ದಾನೆ ಅನ್ನೋದು ನನ್ನ ಊಹೆ.

ಮೆಷಿನ್ ಚೀಟಿ ಪರ್ಸಿಂದ ತೆಗೆಸಿದೆ. ತಾಮ್ರ. ಇಲ್ಲಿ ಸ್ವಲ್ಪ ನಿಂತು ಹೇಳ್ಬೇಕು. ನದಿಯಲ್ಲಿ ಸಿಗೋ ಕ್ಯಾಲಿಫೋರ್ನಿಯಾ ಚಿನ್ನದಲ್ಲಿ ಹುಟ್ಟಿನಿಂದಲೇ ಬೆಳ್ಳಿ ಬೆರೆತಿರುತ್ತೆ. ಬೆಳ್ಳಿಯನ್ನ ಬೇರ್ಪಡಿಸೋಕೆ ಆಸಿಡ್ ಬೇಕು, ಅದು ಆ ಕಾಲದಲ್ಲಿ ಆ ಊರಲ್ಲಿ ಸರಿಯಾಗಿ ಸಿಗ್ತಿರ್ಲಿಲ್ಲ, ಹೊಸದಾಗಿ ಶುರುವಾದ ಸರ್ಕಾರಿ ಟಂಕಸಾಲೆಯೇ ಆಸಿಡ್ ಇಲ್ದೆ ಒದ್ದಾಡಿತ್ತು. ಹಾಗಾಗಿ ಖಾಸಗಿಯವರು ಬೆಳ್ಳಿ ಇದ್ದ ಹಾಗೇ ಬಿಟ್ಟು ನಾಣ್ಯ ಹೊಡೀತಿದ್ರು, ಹಂಬರ್ಟ್‌ನ ಸ್ಲಗ್‌ಗಳ ಮೇಲೆ 880, 887 ಅಂತ ಸಂಖ್ಯೆ ಬಂದಿದ್ದು ಅದಕ್ಕೇ. ನಮ್ಮ ಕೈಯಲ್ಲಿದ್ದ ನಾಣ್ಯದ ಬಣ್ಣ ಕೆಂಪು ಕಡೆಗೆ ಇತ್ತು, ತಾಮ್ರ ಬೆರೆತ ಚಿನ್ನದ ಬಣ್ಣ, ಅಜ್ಜಿಯ ಕಾಲದ ಬ್ರಿಟಿಷ್ ಸವರನ್ ನೋಡಿದವರಿಗೆ ಗೊತ್ತಾಗುತ್ತೆ. ಬೆಳ್ಳಿ ಬೆರೆತ ಚಿನ್ನ ತೆಳು ಹಳದಿ, ಕೆಲವು ಬೆಳಕಲ್ಲಿ ಹಸಿರು ಛಾಯೆ.

ಬಣ್ಣದ ಮೇಲೆ, ಮೆಷಿನ್ ಮೇಲೆ ಪೂರ್ತಿ ಭಾರ ಹಾಕಬಾರದು, ಎಕ್ಸ್‌ಆರ್‌ಎಫ್ ನೋಡೋದು ಮೇಲ್ಪದರ ಮಾತ್ರ. ಹಾಗಾಗಿ ನೀರಲ್ಲಿ ತೂಗಿದೆ. ಇದು ಮನೇಲೇ ಮಾಡಬಹುದಾದ, ನಾಣ್ಯಕ್ಕೆ ಗೀರೂ ಬೀಳದ ಪರೀಕ್ಷೆ. ಒಂದು ಲೋಟ ನೀರನ್ನ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡ್ಕೋಬೇಕು, ನಾಣ್ಯವನ್ನ ಸಣ್ಣ ಮೀನು ಗಾಳದ ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಲ್ಲಿ ಪೂರ್ತಿ ಮುಳುಗಿಸಿ ಕೈಯಲ್ಲಿ ಅಲ್ಲ, ಸ್ಟ್ಯಾಂಡಿಗೆ ತೂಗು ಹಾಕ್ಬೇಕು. ತಕ್ಕಡಿ ಆಗ ತೋರಿಸೋ ಸಂಖ್ಯೆಯೇ ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಗುಳ್ಳೆ ಅಂಟಿದ್ರೆ ಲೆಕ್ಕ ಕೆಡುತ್ತೆ, ಅಂಚಿನ ಗೀರುಗಳಲ್ಲಂತೂ ಖಂಡಿತ ಕೂತಿರುತ್ತೆ, ಅದಕ್ಕೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಸೋಪು ಬಿಟ್ಟೆ. 4.85 ಗ್ರಾಂ ಬಂತು. ಎತ್ತಿ ಒರೆಸಿ ಮತ್ತೆ ಬಿಟ್ಟಾಗ್ಲೂ ಅಷ್ಟೇ. 83.56ನ್ನ ಅದರಿಂದ ಭಾಗಿಸಿದ್ರೆ ಸಾಂದ್ರತೆ 17.2. ಸಾವಿರಕ್ಕೆ 887 ಚಿನ್ನ, ಉಳಿದದ್ದು ಬೆಳ್ಳಿ ಆಗಿದ್ರೆ ಸಾಂದ್ರತೆ 17.6ರ ಸುತ್ತ ಇರ್ಬೇಕು, ತಕ್ಕಡಿಯಲ್ಲಿ 4.75 ಬರ್ಬೇಕಿತ್ತು. ಸರ್ಕಾರಿ 900ರ ತಾಮ್ರದ ಮಿಶ್ರಣಕ್ಕೆ 17.2ರ ಆಸುಪಾಸು. ತಕ್ಕಡಿಯಲ್ಲಿ ಗ್ರಾಂನ ಹತ್ತು ನೂರಾಂಶದ ವ್ಯತ್ಯಾಸ, ಆದ್ರೆ ಈ ತಕ್ಕಡಿಗೆ ಅದು ಧಾರಾಳವಾಗಿ ಕಾಣೋ ವ್ಯತ್ಯಾಸ.

ಒಂದು ಮಾತು ಇಲ್ಲಿ ಸೇರಿಸ್ತೀನಿ, ಟಂಗ್‌ಸ್ಟನ್ ಭಯ ಇರೋರಿಗೆ. ಟಂಗ್‌ಸ್ಟನ್ ಸಾಂದ್ರತೆ ಹೆಚ್ಚೂಕಮ್ಮಿ ಶುದ್ಧ ಚಿನ್ನದಷ್ಟೇ, 19.3ರ ಹತ್ರ, ಹಾಗಾಗಿ 24 ಕ್ಯಾರೆಟ್ ಬಿಸ್ಕತ್ತಿನಲ್ಲಿ ಅದನ್ನ ತುಂಬಿದ್ರೆ ನೀರಿನ ಪರೀಕ್ಷೆಗೆ ಸಿಗಲ್ಲ. ಈ ಹಳೇ ನಾಣ್ಯಗಳಲ್ಲಿ ಚಿನ್ನ ಶುದ್ಧ ಅಲ್ಲದೇ ಇರೋದ್ರಿಂದ ಟಂಗ್‌ಸ್ಟನ್ ತುಂಬಿದ್ರೆ ಸಾಂದ್ರತೆ ಜಾಸ್ತಿ ಬಂದು ತಾನಾಗೇ ಸಿಕ್ಕಿಬೀಳುತ್ತೆ.

ಲೆನ್ಸ್ ಕೆಳಗೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ ಹಿಡಿದು ನೋಡೋದನ್ನ ಕೊನೆಗಿಟ್ಕೊಂಡಿದ್ದೆ, ಮೊದಲೇ ನೋಡಿದ್ರೆ ಮನಸ್ಸು ಒಂದು ಕಡೆ ವಾಲುತ್ತೆ. ಕೆಲಾಗ್ 50 ಡಾಲರ್‌ನ ಅಚ್ಚು ಕೊರೆದವನು ಫರ್ಡಿನಾಂಡ್ ಗ್ರೂನರ್, ಲಿಬರ್ಟಿಯ ಕುತ್ತಿಗೆ ಕತ್ತರಿಸಿದ ಜಾಗದಲ್ಲಿ ಅವನ ಹೆಸರಿದೆ. ಈ ನಾಣ್ಯದಲ್ಲೂ ಇತ್ತು, ಆದ್ರೆ ಅಕ್ಷರದ ಬುಡ ಬಿಸಿಗೆ ಇಟ್ಟ ಬೆಣ್ಣೆ ಥರ ಮೈದಾನಕ್ಕೆ, ಅಂದ್ರೆ ನಾಣ್ಯದ ಖಾಲಿ ಸಮತಟ್ಟು ಜಾಗಕ್ಕೆ, ಇಳಿದುಹೋಗಿತ್ತು. ಕೈಯಲ್ಲಿ ಕೊರೆದ ಅಚ್ಚಿಂದ ಹೊಡೆದ ನಾಣ್ಯದಲ್ಲಿ ಅಕ್ಷರದ ಗೋಡೆ ನೇರ ನಿಲ್ಲುತ್ತೆ, ಮೈದಾನ ಸೇರೋ ಕಡೆ ಚೂಪು ಮೂಲೆ ಇರುತ್ತೆ. ಒಂದು ನಾಣ್ಯದಿಂದ ಅಚ್ಚೆತ್ತಿ ಇನ್ನೊಂದು ಅಚ್ಚು ಮಾಡಿದಾಗ ಆ ಮೂಲೆ ಹೋಗುತ್ತೆ. ಸುರುಳಿಯ 887ರಲ್ಲಿ ಎರಡು ಎಂಟರ ಹೊಟ್ಟೆಯೂ ಅರ್ಧ ಮುಚ್ಚಿತ್ತು. ನಕ್ಷತ್ರಗಳ ಮಧ್ಯೆ ಸಣ್ಣ ಸಣ್ಣ ಉಬ್ಬು, ಗಾಳಿ ಗುಳ್ಳೆ ಅಚ್ಚಲ್ಲಿ ಗುಳಿಯಾಗಿ ಉಳಿದ್ರೆ ನಾಣ್ಯದಲ್ಲಿ ಹೀಗೆ ಮೊಡವೆ ಆಗಿ ಏಳುತ್ತೆ. ಅಸಲಿಯಲ್ಲಿ ಏಟು ಬಿದ್ರೆ ಗುಳಿ ಬೀಳುತ್ತೆ, ಉಬ್ಬು ಏಳಲ್ಲ. ಮೈದಾನ ಕನ್ನಡಿ ಹೊಳಪಿನ ಪ್ರೂಫ್ ಇರ್ಬೇಕಿತ್ತು, ಇಲ್ಲಿ ಮಸುಕು ಮಸುಕು, ಅದನ್ನ ಮುಚ್ಚೋಕೆ ಯಾರೋ ಬಟ್ಟೆಯಲ್ಲಿ ಉಜ್ಜಿದ ಸುತ್ತು ಗೀರುಗಳು ಬೇರೆ.

ಅಸಲಿ ಚಿನ್ನದಲ್ಲೇ ನಕಲಿ ನಾಣ್ಯ ಮಾಡೋದು ಹೊಸದೇನಲ್ಲ. ಕಳೆದ ಶತಮಾನದ ಮಧ್ಯದಲ್ಲಿ ಲೆಬನಾನ್ ಕಡೆಯಿಂದ ಅಮೆರಿಕದ ಚಿನ್ನದ ನಾಣ್ಯಗಳ ಎಷ್ಟೋ ನಕಲು ಬಂದವು, ಬಹಳಷ್ಟರಲ್ಲಿ ಚಿನ್ನ ಸರಿಯಾಗೇ ಇತ್ತು, ಲಾಭ ಇದ್ದಿದ್ದು ಸಂಗ್ರಾಹಕರು ಕೊಡೋ ಹೆಚ್ಚಿನ ಬೆಲೆಯಲ್ಲಿ. 1907ರ ಹೈ ರಿಲೀಫ್ (ಚಿತ್ರ ಎತ್ತರವಾಗಿ ಉಬ್ಬಿರೋ) 20 ಡಾಲರ್‌ನ ಒಂದು ನಕಲು ಮಾಡಿದವನಂತೂ ಹದ್ದಿನ ಉಗುರಿನ ಸಂದಿಯಲ್ಲಿ ಒಂದು ಪುಟಾಣಿ ಒಮೆಗಾ ಗುರುತು ತನ್ನ ಸಹಿ ಥರ ಇಟ್ಟಿದ್ದ, ಎಷ್ಟು ಚೆನ್ನಾಗಿತ್ತು ಅಂದ್ರೆ ದೊಡ್ಡ ದೊಡ್ಡವರೇ ಮೋಸ ಹೋದ್ರು. ಇನ್ನೊಂದು ಕಡೆ ಮೋಸದ ಉದ್ದೇಶ ಇಲ್ಲದ ನಕಲುಗಳು, 1969ರಲ್ಲಿ ಡಾಜ್ ಕಾರಿನ ಪ್ರಚಾರಕ್ಕೆ ಅಂತ ಪಯೋನಿಯರ್ ನಾಣ್ಯಗಳ ಗಿಲೀಟು ನಕಲು ಮಾಡಿ ಹಂಚಿದ್ರು, ಅವು ಇವತ್ತಿಗೂ ಅಟ್ಟದ ಡಬ್ಬಿಗಳಿಂದ ಹೊರಗೆ ಬರ್ತಾನೇ ಇವೆ. ನಕಲಿನ ಮೇಲೆ ಕಾಪಿ ಅಂತ ಹೊಡೀಲೇಬೇಕು ಅನ್ನೋ ಕಾನೂನು ಬಂದಿದ್ದು 1973ಕ್ಕೆ, ಅದಕ್ಕಿಂತ ಮುಂಚಿನವಕ್ಕೆ ಆ ಗುರುತೂ ಇಲ್ಲ.

ಮಾರೋನ ಎರಡನೇ ಕಥೆ

ಭಾವ ಇಷ್ಟನ್ನೂ ಮಾರೋನಿಗೆ ಹೇಳಿದಾಗ ಅವನು ಒಂಚೂರೂ ಗಲಿಬಿಲಿ ಆಗ್ಲಿಲ್ಲ, ಕಥೆ ಬದಲಾಯಿಸಿದ. "ಹಾಗಿದ್ರೆ ಇದು ಹಡಗಿನ ಚಿನ್ನದ್ದಿರಬೇಕು" ಅಂದ.

ಹಡಗು ಅಂದ್ರೆ ಎಸ್‌ಎಸ್ ಸೆಂಟ್ರಲ್ ಅಮೆರಿಕ. ಕ್ಯಾಲಿಫೋರ್ನಿಯಾ ಚಿನ್ನ ಹೊತ್ತು ನ್ಯೂಯಾರ್ಕ್ ಕಡೆ ಹೋಗ್ತಿದ್ದಾಗ 1857ರ ಸೆಪ್ಟೆಂಬರ್‌ನಲ್ಲಿ ಚಂಡಮಾರುತಕ್ಕೆ ಸಿಕ್ಕಿ ಕೆರೊಲಿನಾ ಕರಾವಳಿಯಾಚೆ ಮುಳುಗ್ತು, 400ಕ್ಕೂ ಹೆಚ್ಚು ಜನ ಹೋದ್ರು, 1980ರ ದಶಕದ ಕೊನೆಯಲ್ಲಿ ಅವಶೇಷ ಸಿಕ್ಕಿ ಚಿನ್ನ ಮೇಲೆ ಬಂತು. ಅದರಲ್ಲಿ ಕೆಲಾಗ್ ಮತ್ತು ಹಂಬರ್ಟ್ ಜೊತೆಯಾಗಿ ನಡೆಸಿದ ಕಂಪನಿಯ ಚಿನ್ನದ ಗಟ್ಟಿಗಳೂ ಇದ್ದವು. ಆ ಗಟ್ಟಿಗಳ ಚಿನ್ನ ತಗೊಂಡು, ಕೆಲಾಗ್ 50 ಡಾಲರ್ ಅಚ್ಚಿನ ಮಾದರಿಯಲ್ಲೇ, 2001ರಲ್ಲಿ ಕ್ಯಾಲಿಫೋರ್ನಿಯಾ ಹಿಸ್ಟಾರಿಕಲ್ ಸೊಸೈಟಿ ಹೆಸರಲ್ಲಿ ಸ್ಮಾರಕ ತುಣುಕುಗಳನ್ನ ಹೊಡೆದ್ರು. ಅದು ಕಾನೂನುಬದ್ಧ, ಎಲ್ಲರಿಗೂ ಗೊತ್ತಿರೋ ಕೆಲಸ, ಅವಕ್ಕೂ ಒಳ್ಳೆ ಬೆಲೆ ಇದೆ. ಆದ್ರೆ ಅದರ ಸುರುಳಿಪಟ್ಟಿಯಲ್ಲಿ ತೂಕ, ಶುದ್ಧತೆಯ ಜಾಗದಲ್ಲಿ ಹಡಗಿನ ಚಿನ್ನ ಅಂತಲೇ ಬರೆದಿದೆ. ನಮ್ಮದರಲ್ಲಿ 1309, 887. ಮೇಲಾಗಿ ಹಡಗಿನ ಗಟ್ಟಿಯ ಚಿನ್ನ ಆಗಿದ್ರೆ ಬೆಳ್ಳಿ ಇರ್ಬೇಕಿತ್ತಲ್ಲ. 1906ರ ಬೆಂಕಿಯಿಂದ ಉಳಿಸಿದ ನಾಣ್ಯ ಈಗ 2001ರದ್ದು ಆಗಿಬಿಡ್ತಾ ಅಂತ ಭಾವ ಕೇಳಿದ್ದಕ್ಕೆ ಅವನ ಹತ್ರ ಉತ್ತರ ಇರ್ಲಿಲ್ಲ.

ನಾನು ಭಾವನಿಗೆ ಹೇಳಿಕೊಟ್ಟಿದ್ದು ಒಂದೇ ಷರತ್ತು. ನಾಣ್ಯ ಅಸಲಿಯೋ ಅಂತ ನೋಡಿ ಗ್ರೇಡ್ ಕೊಡೋ ಪಿಸಿಜಿಎಸ್ ಅಥವಾ ಎನ್‌ಜಿಸಿ ಕಂಪನಿಗೆ ಕಳಿಸೋಣ, ಖರ್ಚು ನಮ್ಮದು, ಅಸಲಿ ಅಂತ ಬಂದ್ರೆ ನೀನು ಕೇಳಿದ 40 ಸಾವಿರ ಅಲ್ಲ, 60 ಸಾವಿರ ಕೊಡ್ತೀವಿ. ಅಸಲಿ ಅಂತ ನಂಬಿರೋ ಯಾವ ಮಾರಾಟಗಾರನೂ ಇದನ್ನ ಬೇಡ ಅನ್ನಲ್ಲ, ಖರ್ಚಿಲ್ಲ, ಮೇಲೆ 20 ಸಾವಿರ ಲಾಭ. ಇವನು ಬೇಡ ಅಂದ, ಟೈಮ್ ಇಲ್ಲ, ಬೇರೆ ಗಿರಾಕಿ ಕಾಯ್ತಿದ್ದಾರೆ, ಆ ಕಂಪನಿಗಳ ಮೇಲೆ ನಂಬಿಕೆ ಇಲ್ಲ ಅಂತ. ತಕ್ಕಡಿ ತೋರಿಸಿದ್ದಕ್ಕಿಂತ ಈ ಉತ್ತರ ಭಾವನ ಮೇಲೆ ಜಾಸ್ತಿ ಕೆಲಸ ಮಾಡ್ತು ಅಂತ ನನಗನ್ಸುತ್ತೆ.

ಇನ್ನೊಂದು ಪರೀಕ್ಷೆಯನ್ನ ಮೊದಲೇ ಮಾಡಬಹುದಿತ್ತು, ಅದಕ್ಕೆ ನಾಣ್ಯ ಕೈಯಲ್ಲೇ ಬೇಕಿಲ್ಲ. ಇಷ್ಟು ಕಮ್ಮಿ ಸಂಖ್ಯೆಯಲ್ಲಿರೋ ನಾಣ್ಯಗಳಿಗೆ ವಂಶಾವಳಿ ಇರುತ್ತೆ, ಯಾವುದು ಯಾವ ಸಂಗ್ರಹದಲ್ಲಿತ್ತು, ಯಾವ ಹರಾಜಲ್ಲಿ ಯಾವಾಗ ಬಂತು, ಮೈಮೇಲೆ ಎಲ್ಲಿ ಯಾವ ಗೀರಿದೆ ಅಂತ ಹರಾಜು ಕ್ಯಾಟಲಾಗ್‌ಗಳ ಫೋಟೋದಲ್ಲಿ ಸಿಗುತ್ತೆ. ಹಾಗಾಗಿ ಇದು ಗೊತ್ತಿರೋವುಗಳಲ್ಲಿ ಯಾವುದು ಅಂತ ಕೇಳ್ಬೇಕು. ಯಾವುದಕ್ಕೂ ಹೊಂದಲ್ಲ ಅಂದ್ರೆ ಹೊಸದಾಗಿ ಪತ್ತೆಯಾಗಿದ್ದು ಅನ್ನೋ ವಾದ ಉಳಿಯುತ್ತೆ, ಅಂಥ ಪತ್ತೆ ಆಗೋದೇ ಇಲ್ಲ ಅಂತಲ್ಲ, ಆದ್ರೆ ಅಂಥದ್ದು ಸಿಕ್ಕಿದವನು ಹಳೇ ಸಾಮಾನಿನ ಅಂಗಡಿಯಲ್ಲಿ ಗಾಜಿನ ಡಬ್ಬಿಯಲ್ಲಿಟ್ಟು ಕೂತಿರಲ್ಲ, ಹರಾಜು ಕಂಪನಿಯವರು ಅವನ ಮನೆ ಬಾಗಿಲಿಗೇ ಬಂದಿರ್ತಾರೆ.

ಅಡ್ವಾನ್ಸ್ ವಾಪಸ್ ಬಂತು, ರಶೀದಿಯಲ್ಲಿ ಪರೀಕ್ಷೆಗೆ ಒಳಪಟ್ಟು ಅಂತ ಬರೆಸಿದ್ದು ಕೆಲಸಕ್ಕೆ ಬಂತು. ಹಾಗಂತ ಭಾವ ಅಲ್ಲಿಗೇ ಬಿಡ್ಲಿಲ್ಲ, ಚಿನಿವಾರರ ರಕ್ತ ನೋಡಿ.

"ಲೋ, 83 ಗ್ರಾಂ ಚಿನ್ನ ಅಂತೂ ಇದೆ. ಕರಗಿಸೋ ರೇಟಿಗೆ ಕೊಡ್ತೀಯಾ ಅಂತ ಕೇಳ್ಲಾ? ತಗೊಂಡು ಬಳೆ ಮಾಡ್ಸಿದ್ರೆ ಆಯ್ತಪ್ಪ."

"ಕೇಳಿ ಭಾವ, ಆದ್ರೆ ಅವನ ಕಣ್ಣೆದುರಿಗೇ ಕರಗಿಸ್ತೀನಿ ಅಂತ ಹೇಳಿ ಕೇಳಿ."

ಕೇಳಿದ್ರಂತೆ. ಕೊಡಲ್ಲ ಅಂದನಂತೆ. ಕರಗಿದ್ರೆ ಅವನಿಗೆ ಚಿನ್ನದ ದುಡ್ಡು ಮಾತ್ರ, ಉಳಿದ್ರೆ ಇನ್ನೊಬ್ಬ ಗಿರಾಕಿ. ಆ ನಾಣ್ಯ ಈಗ ಎಲ್ಲಿದೆಯೋ, ಆದ್ರೆ ತೂಕ 83.56 ಗ್ರಾಂ, ಕೆಂಪು ಛಾಯೆ, ನಕ್ಷತ್ರಗಳ ಮಧ್ಯೆ ಮೊಡವೆ. ಯಾರಿಗಾದ್ರೂ ಎದುರಾದ್ರೆ ಗುರುತು ಸಿಗುತ್ತೆ.

ಭಾವನಿಗೆ ಈ ಹುಚ್ಚು ಮಾತ್ರ ಅಂಟ್ಕೊಂಡಿತು. ಅವರು ಕೊನೆಗೆ ತಗೊಂಡಿದ್ದು ಬೆಕ್ಟ್ಲರ್‌ನ ಒಂದು ಡಾಲರ್ ನಾಣ್ಯ, ಗ್ರೇಡಿಂಗ್ ಕಂಪನಿಯ ಡಬ್ಬಿಯಲ್ಲಿ ಸೀಲ್ ಆಗಿರೋದು, ಆ ಡಬ್ಬಿಗಳಿಗೂ ನಕಲಿ ಬಂದಿರೋದ್ರಿಂದ ಸರ್ಟಿಫಿಕೇಟ್ ನಂಬರನ್ನ ಕಂಪನಿಯ ಸೈಟಲ್ಲಿ ಹಾಕಿ ಫೋಟೋ ಹೊಂದಿಸಿ ನೋಡಿಯೇ ದುಡ್ಡು ಕೊಟ್ರು. ಪಯೋನಿಯರ್ ನಾಣ್ಯಗಳಲ್ಲಿ ಕೈಗೆಟುಕೋ ಬೆಲೆಯಲ್ಲಿ ಶುರು ಮಾಡೋರಿಗೆ ನಾನು ಹೇಳೋದೂ ಅದನ್ನೇ. ಬೆರಳ ತುದಿಯಷ್ಟು ಪುಟ್ಟದು, ಸರ್ಕಾರ ಒಂದು ಡಾಲರ್ ಚಿನ್ನದ ನಾಣ್ಯ ಹೊಡೆಯೋಕೆ ಶುರು ಮಾಡಿದ್ದು 1849ರಲ್ಲಿ, ಬೆಕ್ಟ್ಲರ್ ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಹೊಡೀತಿದ್ದ. ಅದರ ಮೇಲೂ ಬರೆದಿದೆ, 27 ಜಿ, 21 ಸಿ. ಇಪ್ಪತ್ತೇಳು ಗ್ರೇನ್, ಇಪ್ಪತ್ತೊಂದು ಕ್ಯಾರೆಟ್. ತಂದ ದಿನವೇ ಭಾವ ಫೋನ್ ಮಾಡಿ, "27ಕ್ಕೆ 21, ಭಾಗಿಸು 24, ಇಪ್ಪತ್ತಮೂರು ಪಾಯಿಂಟ್ ಆರು ಬರುತ್ತೆ ಕಣೋ, ಸರ್ಕಾರದ್ದು 23.22 ತಾನೆ, ಇವನು ಜಾಸ್ತೀನೇ ಕೊಟ್ಟಿದ್ದಾನೆ" ಅಂದ್ರು. ಬರೆದಿರೋದು ಅಷ್ಟು, ಒಳಗೆ ನಿಜವಾಗ್ಲೂ ಅಷ್ಟಿದೆಯಾ ಅಂತ ನೋಡೋಕೆ ಡಬ್ಬಿ ಒಡೀಬೇಕು ಅಂದೆ. ಅದಕ್ಕೆ ಮಾತ್ರ ಅವರು ಒಪ್ಪಲಿಲ್ಲ.